ಒಂಬತ್ತು ತಿಂಗಳಲ್ಲಿ ಒಂದು ಪ್ರದರ್ಶನ: ಮಿಲಾನಿನ ವಿನ್ಯಾಸ ಸಂಸ್ಥೆಗಳ ನಡುವೆ ತಿಳಿವಳಿಕೆ ಹರಿದ ಬಗೆ

1980ರ ಡಿಸೆಂಬರ್ 11ರ ಸಂಜೆ, ಇಟಲಿಯ ಮಿಲಾನ್ ನಗರದಲ್ಲಿ, ವಾಸ್ತುಶಿಲ್ಪಿ ಎತ್ತೊರೆ ಸೊತ್ಸಾಸ್ ಅವರ ಮನೆಯಲ್ಲಿ ಆರೇಳು ಮಂದಿ ಸೇರಿದರು. ಸೊತ್ಸಾಸ್ ಅವರಿಗೆ ಆಗ 63 ವರ್ಷ. ಬಂದಿದ್ದ ವಿನ್ಯಾಸಕರಾದ ಮಿಕೆಲೆ ದೆ ಲುಕ್ಕಿ, ಮಾರ್ಕೊ ಜಾನೀನಿ, ಅಲ್ದೊ ಚಿಬಿಕ್, ಮತ್ತೆಯೊ ಥೂನ್, ಮಾರ್ತೀನ್ ಬೆದ್ಯಾಂ ಎಲ್ಲರೂ ಮೂವತ್ತರ ಒಳಗಿನವರು. ಜೊತೆಯಲ್ಲಿ ಬರಹಗಾರ್ತಿ ಬಾರ್ಬರಾ ರಾದಿಚೆ ಇದ್ದರು. ಹೊಸ ಬಗೆಯ ಪೀಠೋಪಕರಣಗಳನ್ನು ತಾವೇ ಮಾಡಿಸಿ ತಾವೇ ಜನರ ಮುಂದಿಡಬೇಕೆಂಬ ತೀರ್ಮಾನ ಅಂದು ಆಯಿತು. ಆ ರಾತ್ರಿ ಮತ್ತೆ ಮತ್ತೆ ಕೇಳಿಬಂದ ಹಾಡಿನ ಒಂದು ಪದವನ್ನೇ ಗುಂಪಿಗೆ ಹೆಸರಾಗಿ ಇಟ್ಟುಕೊಂಡರು: ಮೆಂಫಿಸ್. ಫೆಬ್ರವರಿಯಲ್ಲಿ ಮತ್ತೆ ಸೇರಿದಾಗ ಅವರ ಮುಂದೆ ನೂರಕ್ಕೂ ಹೆಚ್ಚು ರೇಖಾಚಿತ್ರಗಳಿದ್ದವು. 1981ರ ಸೆಪ್ಟೆಂಬರ್ 18ರಂದು ನಗರದ ಆರ್ಕ್ 74 ಎಂಬ ಮಳಿಗೆಯಲ್ಲಿ ಐವತ್ತಕ್ಕೂ ಹೆಚ್ಚು ವಸ್ತುಗಳ ಪ್ರದರ್ಶನ ತೆರೆಯಿತು. ಬೀದಿ ತುಂಬ ಜನ ನೆರೆದರು.

ಈ ಘಟನೆಯನ್ನು ಸಾಮಾನ್ಯವಾಗಿ ರುಚಿಯ ಬದಲಾವಣೆಯ ಕಥೆಯಾಗಿ, ಬಣ್ಣ ಮತ್ತು ಆಕಾರಗಳ ದಂಗೆಯಾಗಿ ಹೇಳುತ್ತಾರೆ. ಈ ಅಧ್ಯಯನದ ಪ್ರಶ್ನೆ ಬೇರೆಯದು. ಚಿತ್ರ ಬರೆಯುವುದಕ್ಕೂ ನಿಲ್ಲುವ, ಭಾರ ಹೊರುವ, ಬೆಳಗುವ, ಮಾರಾಟವಾಗುವ ವಸ್ತುವನ್ನು ಮಾಡುವುದಕ್ಕೂ ನಡುವೆ ದೊಡ್ಡ ಕಂದಕವಿದೆ. ಆ ಕಂದಕವನ್ನು ದಾಟಲು ಬೇಕಾದ ತಿಳಿವಳಿಕೆ ಯಾವ ಒಂದು ವಿನ್ಯಾಸ ಸಂಸ್ಥೆಯಲ್ಲೂ ಇರಲಿಲ್ಲ. ಸೇರಿದ್ದವರಲ್ಲಿ ಹಲವರಿಗೆ ವೃತ್ತಿ ಆರಂಭವಾಗಿ ನಾಲ್ಕಾರು ವರ್ಷ ಮಾತ್ರ ಆಗಿತ್ತು. ಹಾಗಿದ್ದರೂ ಒಂಬತ್ತೇ ತಿಂಗಳಲ್ಲಿ ಕೆಲಸ ಮುಗಿಯಿತು. ಬೇಕಾದ ತಿಳಿವಳಿಕೆ ಎಲ್ಲಿತ್ತು, ಯಾರ ಕೈಯಲ್ಲಿತ್ತು, ಯಾವ ದಾರಿಯಲ್ಲಿ ಇವರ ಬಳಿಗೆ ಬಂತು ಎಂಬುದನ್ನು ಹಿಂದಕ್ಕೆ ನಡೆದು ಪತ್ತೆ ಹಚ್ಚುವುದು ಇಲ್ಲಿನ ಪ್ರಯತ್ನ. ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ: ಪೈಪೋಟಿಯಲ್ಲಿರುವ ವಿನ್ಯಾಸ ಸಂಸ್ಥೆಗಳು ಒಂದಕ್ಕೊಂದು ಕಲಿಸುವುದು ಬಹಳ ಕಡಿಮೆ. ಅವೆಲ್ಲಕ್ಕೂ ಕೆಲಸ ಮಾಡಿಕೊಡುವ ಮೂರನೆಯವರು, ಅಂದರೆ ಬಡಗಿ, ಮಾದರಿ ತಯಾರಕ, ಪ್ಲಾಸ್ಟಿಕ್ ಹಾಳೆ ಮಾಡುವ ಕಾರ್ಖಾನೆ, ದೀಪ ಕಂಪನಿಯ ಎಂಜಿನಿಯರ್, ಪತ್ರಿಕೆಯ ಸಂಪಾದಕ, ಇವರ ಮೂಲಕವೇ ಒಬ್ಬರ ಅನುಭವ ಇನ್ನೊಬ್ಬರಿಗೆ ದಾಟುತ್ತದೆ.

ನಗರದ ಹಿನ್ನೆಲೆ

ಉದ್ಯಮಗಳು ಒಂದೆಡೆ ನೆರೆದಾಗ ಆ ಕಸುಬಿನ ಗುಟ್ಟುಗಳು ಗುಟ್ಟಾಗಿ ಉಳಿಯದೆ ಗಾಳಿಯಲ್ಲೇ ತೇಲುತ್ತಿರುತ್ತವೆ ಎಂಬರ್ಥದ ಮಾತನ್ನು ಅರ್ಥಶಾಸ್ತ್ರಜ್ಞ ಆಲ್ಫ್ರೆಡ್ ಮಾರ್ಷಲ್ 1890ರಷ್ಟು ಹಿಂದೆಯೇ ಬರೆದಿದ್ದರು. ಆ ಮಾತು ಇಂದಿಗೂ ಉಲ್ಲೇಖಗೊಳ್ಳುತ್ತದೆ, ಸರಿಯಾಗಿಯೂ ಇದೆ. ಆದರೆ ಗಾಳಿ ಎಂಬ ರೂಪಕ ನಮ್ಮನ್ನು ಸ್ವಲ್ಪ ದಾರಿ ತಪ್ಪಿಸುತ್ತದೆ. ಗಾಳಿ ಎಲ್ಲರಿಗೂ ಸಮವಾಗಿ ಬೀಸುತ್ತದೆ, ತಿಳಿವಳಿಕೆ ಹಾಗೆ ಬೀಸುವುದಿಲ್ಲ. ಅದಕ್ಕೆ ಕಾಲುವೆಗಳಿರುತ್ತವೆ, ಕಾಲುವೆಯ ದಡದಲ್ಲಿರುವವರಿಗೆ ನೀರು ಸಿಗುತ್ತದೆ, ದೂರದವರಿಗೆ ಇಲ್ಲ. ಮಿಲಾನಿನಲ್ಲಿ ಈ ಕಾಲುವೆಗಳನ್ನು ತೋಡುವ ಕೆಲಸ ಮೆಂಫಿಸ್ಸಿಗಿಂತ ಅರ್ಧ ಶತಮಾನ ಮೊದಲೇ ಶುರುವಾಗಿತ್ತು.

ನಗರದ ಉತ್ತರಕ್ಕೆ ಇಪ್ಪತ್ತು–ಮೂವತ್ತು ಕಿಲೋಮೀಟರ್ ಹರವಿನಲ್ಲಿ ಬ್ರಿಯಾಂಜಾ ಎಂಬ ಪ್ರದೇಶವಿದೆ. ಮೇದಾ, ಲಿಸ್ಸೋನೆ, ಕಾಂತೂ ಮೊದಲಾದ ಊರುಗಳಲ್ಲಿ ತಲೆಮಾರುಗಳಿಂದ ಮರಗೆಲಸವೇ ಜೀವನ. ನಗರದಲ್ಲಿ ಚಿತ್ರ ಬರೆದವನು ಬೆಳಗ್ಗೆ ಹೊರಟು ಬಡಗಿಯ ಮುಂದೆ ನಿಂತು ಮಾತಾಡಿ ಸಂಜೆಗೆ ಮರಳಬಹುದಾದಷ್ಟು ದೂರ ಅದು. ಈ ಸಾಮೀಪ್ಯದ ಬೆಲೆ ಏನೆಂಬುದಕ್ಕೆ ವಾಸ್ತುಶಿಲ್ಪಿ ಜಿಯೋ ಪೊಂತಿಯವರ ಸೂಪರ್‌ಲೆಜ್ಜೇರಾ ಕುರ್ಚಿಯೇ ಸಾಕ್ಷಿ. 1957ರಲ್ಲಿ ಮೇದಾದ ಕಸ್ಸೀನಾ ಸಂಸ್ಥೆ ತಯಾರಿಸಿದ ಆ ಕುರ್ಚಿಯ ತೂಕ 1.7 ಕಿಲೋ. ಅದರ ಮೂಲ ಲಿಗೂರಿಯಾ ಕರಾವಳಿಯ ಕಿಯಾವರಿ ಊರಿನ ಹಳೆಯ ಹಗುರ ಕುರ್ಚಿಯಲ್ಲಿದೆ. ಕಾಲುಗಳನ್ನು ತ್ರಿಕೋನಾಕಾರದಲ್ಲಿ ಕೆತ್ತಿ, ಕೇವಲ 18 ಮಿಲಿಮೀಟರ್ ದಪ್ಪಕ್ಕೆ ಇಳಿಸಿಯೂ ಮುರಿಯದಂತೆ ಮಾಡುವುದು ಕಾಗದದ ಮೇಲೆ ಲೆಕ್ಕ ಹಾಕಿ ಮುಗಿಸುವ ಕೆಲಸವಲ್ಲ. ಮರದ ಎಳೆ ಎತ್ತ ಓಡುತ್ತದೆ, ಕೀಲು ಎಷ್ಟು ಬಿಗಿಯಾದರೆ ಸೀಳುತ್ತದೆ ಎಂಬುದು ಪಳಗಿದ ಕೈಗೆ ಮಾತ್ರ ಗೊತ್ತಿರುವ ಸಂಗತಿ. ಪೊಂತಿ ಹಲವು ವರ್ಷ ಮತ್ತೆ ಮತ್ತೆ ತಿದ್ದಿ ಈ ಹಂತಕ್ಕೆ ಬಂದರು. ಒಬ್ಬ ವಾಸ್ತುಶಿಲ್ಪಿಗಾಗಿ ಕಲಿತ ಕೈ ಆ ಕಲಿಕೆಯನ್ನು ಮುಂದಿನ ವಾಸ್ತುಶಿಲ್ಪಿಯ ಕೆಲಸಕ್ಕೂ ಒಯ್ಯುತ್ತದೆ ಎಂಬುದು ಇಲ್ಲಿ ಮುಖ್ಯ.

ಮರದಾಚೆಯ ವಸ್ತುಗಳೂ ಇದೇ ರೀತಿ ಬಂದವು. ಯುದ್ಧದ ನಂತರ ಟೈರ್ ಕಂಪನಿ ಪಿರೆಲ್ಲಿ ತನ್ನ ಫೋಮ್ ರಬ್ಬರನ್ನು ಕುರ್ಚಿಗಳಲ್ಲಿ ಬಳಸಬಹುದೇ ಎಂದು ಪರೀಕ್ಷಿಸಲು ವಾಸ್ತುಶಿಲ್ಪಿ ಮಾರ್ಕೊ ಜಾನೂಸೊ ಅವರನ್ನು ಕರೆಯಿತು. ಅದರ ಬೆನ್ನಿಗೇ ಆರ್‌ಫ್ಲೆಕ್ಸ್ ಸಂಸ್ಥೆ ಹುಟ್ಟಿತು, ಅದರ ಲೇಡಿ ಎಂಬ ಆರಾಮಕುರ್ಚಿ 1951ರಲ್ಲಿ ತ್ರಿಯೆನ್ನಾಲೆ ಎಂಬ ವಿನ್ಯಾಸ ಪ್ರದರ್ಶನದಲ್ಲಿ ಚಿನ್ನದ ಪದಕ ಪಡೆಯಿತು. 1949ರಲ್ಲಿ ಕಾರ್ತೆಲ್ ಸಂಸ್ಥೆಯನ್ನು ಕಟ್ಟಿದ ಜೂಲಿಯೊ ಕಸ್ತೆಲ್ಲಿ ರಸಾಯನ ಎಂಜಿನಿಯರ್. ಮಿಲಾನಿನ ತಾಂತ್ರಿಕ ವಿಶ್ವವಿದ್ಯಾಲಯವಾದ ಪಾಲಿಟೆಕ್ನಿಕ್‌ನಲ್ಲಿ ಅವರಿಗೆ ಪಾಠ ಹೇಳಿದವರು ಮುಂದೆ 1963ರಲ್ಲಿ ನೊಬೆಲ್ ಪಡೆದ ಜೂಲಿಯೊ ನಾತ್ತಾ. ಆ ಸಂಸ್ಥೆಯ ಮೊದಲ ದಿನಗಳ ಪ್ಲಾಸ್ಟಿಕ್ ಪಾತ್ರೆಗಳನ್ನು ರೂಪಿಸಿದ ಜೀನೊ ಕೊಲೊಂಬೀನಿ ಅದಕ್ಕೂ ಮೊದಲು ಕೆಲಸ ಮಾಡಿದ್ದು ವಾಸ್ತುಶಿಲ್ಪಿ ಫ್ರಾಂಕೊ ಅಲ್ಬೀನಿಯವರ ಕಚೇರಿಯಲ್ಲಿ. ಟೈರಿನಿಂದ ಕುರ್ಚಿಗೆ, ಪ್ರಯೋಗಾಲಯದಿಂದ ಅಡುಗೆಮನೆಗೆ, ಕಟ್ಟಡದಿಂದ ಬಕೆಟ್ಟಿಗೆ ಹೋದದ್ದು ಜನ. ತಿಳಿವಳಿಕೆ ಅವರ ಜೊತೆ ಹೋಯಿತು.

ಕಣ್ಣಿಗೆ ಕಾಣುವ ಸಂಸ್ಥೆಗಳೂ ಬೆಳೆದವು. ದೋಮುಸ್ ಪತ್ರಿಕೆ 1928ರಲ್ಲಿ, ತ್ರಿಯೆನ್ನಾಲೆ ಪ್ರದರ್ಶನಕ್ಕೆ ಮಿಲಾನಿನಲ್ಲಿ ಸ್ವಂತ ಕಟ್ಟಡ 1933ರಲ್ಲಿ, ಚಿನ್ನದ ಕೈವಾರ ಎಂದರ್ಥದ ಕೊಂಪಾಸ್ಸೊ ದೋರೊ ಪ್ರಶಸ್ತಿ 1954ರಲ್ಲಿ, ಕೈಗಾರಿಕಾ ವಿನ್ಯಾಸಕರ ಸಂಘ 1956ರಲ್ಲಿ, ವಾರ್ಷಿಕ ಪೀಠೋಪಕರಣ ಮೇಳ 1961ರಲ್ಲಿ ಬಂದವು. ಕುತೂಹಲದ ಸಂಗತಿಯೆಂದರೆ, ಈ ಎಲ್ಲ ಕಾಲದಲ್ಲೂ ನಗರದ ಪಾಲಿಟೆಕ್ನಿಕ್‌ನಲ್ಲಿ ವಿನ್ಯಾಸಕ್ಕೆಂದೇ ಪ್ರತ್ಯೇಕ ಪದವಿ ಇರಲಿಲ್ಲ. ಅದು ಬಂದದ್ದು 1993ರಲ್ಲಿ. ಪೊಂತಿ, ಜಾನೂಸೊ ಮೊದಲಾದ ಹಿರಿಯರು ವಾಸ್ತುಶಿಲ್ಪವನ್ನು ಓದಿ, ಉಳಿದದ್ದನ್ನು ಕೆಲಸದ ನಡುವೆಯೇ ಕಲಿತವರು. ತರಗತಿ ಇಲ್ಲದಿದ್ದಾಗ ಪಾಠಶಾಲೆಯ ಜಾಗವನ್ನು ಕಮ್ಮಟಗಳು ತುಂಬಿದವು.

ಹಾಳೆಯ ಕಥೆ

ಮೆಂಫಿಸ್ಸಿನ ವಸ್ತುಗಳಲ್ಲಿ ಎದ್ದು ಕಾಣುವುದು ಪ್ಲಾಸ್ಟಿಕ್ ಲ್ಯಾಮಿನೇಟ್ ಹಾಳೆ. ಅದುವರೆಗೆ ಕಾಫಿ ಬಾರುಗಳ ಕಟ್ಟೆಗೂ ಅಡುಗೆಮನೆಯ ಮೇಜಿಗೂ ಮೀಸಲಾಗಿದ್ದ ಈ ಹಾಳೆಯನ್ನು ಬೈಠಕ್ ಕೋಣೆಯ ಕಪಾಟಿಗೆ ಹಚ್ಚಿದ್ದೇ ಅಂದಿನವರಿಗೆ ಆಘಾತವಾಗಿತ್ತು. ರಾಳದಲ್ಲಿ ನೆನೆಸಿದ ಕಂದು ಕಾಗದದ ಹಲವು ಪದರಗಳ ಮೇಲೆ ಚಿತ್ತಾರ ಮುದ್ರಿಸಿದ ಒಂದು ಪದರವನ್ನಿಟ್ಟು, ಬಿಸಿ ಮತ್ತು ಒತ್ತಡದಲ್ಲಿ ಅದುಮಿ ಇದನ್ನು ಮಾಡುತ್ತಾರೆ. ಕೇಳಲು ಸರಳವಾಗಿದ್ದರೂ, ಕೆಲಸಕ್ಕೆ ತೆಗೆದುಕೊಂಡವರಿಗೆ ಇದರ ಹಟ ಗೊತ್ತು. ಹಲಗೆಯ ಒಂದೇ ಮುಖಕ್ಕೆ ಅಂಟಿಸಿದರೆ ಹಲಗೆ ಬಾಗುತ್ತದೆ, ಹಿಂಬದಿಗೂ ಹಾಳೆ ಹಚ್ಚಬೇಕು. ಅಂಚಿನಲ್ಲಿ ಒಳಗಿನ ಕಂದು ಪದರ ಕಪ್ಪು ಗೆರೆಯಾಗಿ ಕಾಣುತ್ತದೆ. ಎರಡು ಬಣ್ಣಗಳು ಓರೆಯಾಗಿ ಕೂಡುವಲ್ಲಿ ಆ ಗೆರೆ ಇನ್ನಷ್ಟು ಎದ್ದು ತೋರುತ್ತದೆ. ಸೊತ್ಸಾಸ್ ಅವರ ಕಾರ್ಲ್‌ಟನ್ ಎಂಬ ಪುಸ್ತಕದ ಕಪಾಟಿನಲ್ಲಿ ಹಲವು ಹಲಗೆಗಳು ನೆಟ್ಟಗೆ ನಿಲ್ಲದೆ ಕೈ ಚಾಚಿದ ಮನುಷ್ಯನಂತೆ ಓರೆಯಾಗಿ ಹರಡಿವೆ; ಇಂಥ ಪ್ರತಿ ಕೂಡಿಕೆಯೂ ಬಡಗಿಗೆ ಒಂದು ಪರೀಕ್ಷೆ.

1981ರಲ್ಲಿ ಈ ಪರೀಕ್ಷೆ ಹೊಸದಾಗಿರಲಿಲ್ಲ ಎಂಬುದೇ ಇಲ್ಲಿ ಗಮನಿಸಬೇಕಾದದ್ದು. ಸೊತ್ಸಾಸ್ 1966ರಲ್ಲಿಯೇ ತಸ್ಕನಿಯ ಪೊಲ್ತ್ರೊನೋವಾ ಸಂಸ್ಥೆಗಾಗಿ ಸೂಪರ್‌ಬಾಕ್ಸ್ ಎಂಬ ಪಟ್ಟೆಪಟ್ಟೆ ಲ್ಯಾಮಿನೇಟಿನ ಬೀರುಗಳನ್ನು ರೂಪಿಸಿದ್ದರು. ಹಾಳೆ ಕೊಟ್ಟದ್ದು ಪಿಯೆಮೊಂತೆಯ ಬ್ರಾ ಊರಿನ ಆಬೆತ್ ಲಮಿನಾತಿ. ಚರ್ಮ ಹದಗೊಳಿಸುವ ತೊಗರಿನ ಸಾರವನ್ನು ತೆಗೆಯುತ್ತಿದ್ದ ಕಂಪನಿ ಲ್ಯಾಮಿನೇಟಿಗೆ ಹೊರಳಿಕೊಂಡು ಬೆಳೆದದ್ದು ಅದು. ಆ ಬೀರುಗಳಲ್ಲಿ ಹೆಚ್ಚಿನವು ಮಾದರಿಯ ಹಂತ ದಾಟಲಿಲ್ಲ. ಮಾರುಕಟ್ಟೆಯ ಕಣ್ಣಿನಲ್ಲಿ ಅದು ಸೋಲು. ಆದರೆ ಕಾರ್ಖಾನೆಯವರ ಮತ್ತು ವಿನ್ಯಾಸಕನ ನಡುವೆ ಹುಟ್ಟಿದ ಪರಿಚಯ ಸೋಲಲಿಲ್ಲ. 1978ರಲ್ಲಿ ಸೊತ್ಸಾಸ್ ಅದೇ ಕಂಪನಿಗಾಗಿ ಬಕ್ತೇರಿಯೊ ಎಂಬ ಹುಳುಗಳು ಹರಿದಾಡಿದಂಥ ಚಿತ್ತಾರವನ್ನು ಬರೆದರು. ಮಾರುಕಟ್ಟೆಯಲ್ಲಿ ಸಿಗುವ ಹಾಳೆಯನ್ನು ಆರಿಸಿಕೊಳ್ಳುವುದರಿಂದ, ತನಗೆ ಬೇಕಾದ ಹಾಳೆಯನ್ನು ತಾನೇ ಬರೆದು ಮುದ್ರಿಸಿಕೊಳ್ಳುವಲ್ಲಿಗೆ ಈ ಹನ್ನೆರಡು ವರ್ಷಗಳಲ್ಲಿ ಕೆಲಸ ಮುಟ್ಟಿತ್ತು.

ಈ ತಿಳಿವಳಿಕೆ ಸೊತ್ಸಾಸ್ ಒಬ್ಬರ ಸೊತ್ತಾಗಿ ಉಳಿಯಲಿಲ್ಲ. ಅದು ಕಾರ್ಖಾನೆಯಲ್ಲಿ ನೆಲೆಸಿತ್ತು. ಹೊಸದಾಗಿ ಬಂದ ಕಿರಿಯ ವಿನ್ಯಾಸಕಿಯೊಬ್ಬಳ ಚಿತ್ತಾರವನ್ನು ಹಾಳೆಗೆ ಇಳಿಸುವಾಗ ಎಲ್ಲಿ ಎಡವಬಹುದೆಂಬುದು ಆ ಮುದ್ರಣಗಾರರಿಗೆ ಹಿರಿಯನೊಬ್ಬನ ಹಳೆಯ ತಪ್ಪುಗಳಿಂದ ಗೊತ್ತಿರುತ್ತದೆ. ವಿನ್ಯಾಸದ ತರಬೇತಿ ಪಡೆಯದೆ, ಸ್ವಂತವಾಗಿ ಚಿತ್ರ ಕಲಿತು ಫ್ರಾನ್ಸಿನ ಬೋರ್ದೊ ಕಡೆಯಿಂದ ಮಿಲಾನಿಗೆ ಬಂದು ಮೆಂಫಿಸ್ ಸೇರಿದ್ದ ನತಾಲಿ ದ್ಯು ಪಾಸ್ಕಿಯೆ ಇಪ್ಪತ್ತೈದು ತುಂಬುವ ಮೊದಲೇ ಬಟ್ಟೆಗೂ ಲ್ಯಾಮಿನೇಟಿಗೂ ಚಿತ್ತಾರ ಬರೆಯುವವರಾದದ್ದರ ಹಿಂದೆ ಅವರ ಪ್ರತಿಭೆ ಇದೆ, ನಿಜ. ಅದರ ಜೊತೆಗೆ, ಹಿಂದಿನ ಹದಿನೈದು ವರ್ಷಗಳ ಪ್ರಯೋಗ ಹದಗೊಳಿಸಿ ಸಿದ್ಧವಾಗಿಟ್ಟಿದ್ದ ಒಂದು ಕಾರ್ಖಾನೆಯೂ ಇದೆ. ತಿಳಿವಳಿಕೆ ಹರಡುವುದೆಂದರೆ ಒಬ್ಬರ ತಲೆಯಿಂದ ಇನ್ನೊಬ್ಬರ ತಲೆಗೆ ಮಾತು ಹೋಗುವುದೆಂದು ನಾವು ಭಾವಿಸುತ್ತೇವೆ. ಇಲ್ಲಿ ಮಾತೇ ಬೇಕಾಗಲಿಲ್ಲ. ಒಬ್ಬರು ಪಟ್ಟ ಪಾಡಿನ ಫಲ ಇನ್ನೊಬ್ಬರಿಗೆ ಅವರ ಅರಿವಿಗೇ ಬಾರದಂತೆ ಸಿಕ್ಕಿತು.

ಬಡಗಿ, ದೀಪದ ಎಂಜಿನಿಯರ್, ಮಳಿಗೆಯ ಒಡೆಯರು

ಪ್ರದರ್ಶನವನ್ನು ನೆಲಕ್ಕೆ ಇಳಿಸಿದವರಲ್ಲಿ ಮೊದಲಿಗೆ ರೆಂಜೊ ಬ್ರುಗೋಲಾ ಅವರನ್ನು ನೆನೆಯಬೇಕು. ಮರಗೆಲಸದ ಕಮ್ಮಟದ ಒಡೆಯರಾದ ಅವರು ಸೊತ್ಸಾಸ್ ಅವರ ಹಳೆಯ ಸ್ನೇಹಿತರು, ಅವರ ಪೀಠೋಪಕರಣಗಳನ್ನು ಮಾಡಿಕೊಟ್ಟವರು. ದಶಕಗಳ ಒಡನಾಟವಿದ್ದಾಗ ಚಿತ್ರದಲ್ಲಿ ಬರೆಯದೆ ಬಿಟ್ಟದ್ದೂ ಬಡಗಿಗೆ ಅರ್ಥವಾಗುತ್ತದೆ. ಬರೆದದ್ದು ನಿಲ್ಲುವುದಿಲ್ಲವೆಂದು ಮುಖಕ್ಕೇ ಹೇಳುವ ಸಲುಗೆಯೂ ಇರುತ್ತದೆ. ಈ ಎರಡನೆಯದು ಮೊದಲನೆಯದಕ್ಕಿಂತ ಬೆಲೆಯುಳ್ಳದ್ದೆಂದು ನನಗನ್ನಿಸುತ್ತದೆ, ಏಕೆಂದರೆ ಹೊಸಬರ ಚಿತ್ರ ಹಿಡಿದು ಬಂದವರಿಗೆ ಬಡಗಿ ಸಾಮಾನ್ಯವಾಗಿ ಎರಡೇ ಉತ್ತರ ಕೊಡುತ್ತಾನೆ: ಆಗುವುದಿಲ್ಲ, ಅಥವಾ ದುಬಾರಿಯಾಗುತ್ತದೆ. ಹಾಗಲ್ಲ ಹೀಗೆ ಮಾಡಿದರೆ ಆಗುತ್ತದೆ ಎಂಬ ಮೂರನೆಯ ಉತ್ತರ ನಂಬಿಕೆಯಿರುವಲ್ಲಿ ಮಾತ್ರ ಬರುತ್ತದೆ. ಸೊತ್ಸಾಸ್ ತಮ್ಮ ಆ ನಂಬಿಕೆಯನ್ನು ಕಿರಿಯರಿಗೆ ಎರವಲು ಕೊಟ್ಟರು. ಗುಂಪು ಸೇರಿದ್ದರಿಂದ ಅವರಿಗೆ ಸಿಕ್ಕ ಅತಿ ದೊಡ್ಡ ಲಾಭ ಇದೇ ಇರಬೇಕು.

ಎರಡನೆಯವರು ಎರ್ನೆಸ್ತೊ ಜಿಸ್ಮೊಂದಿ. ವಿಮಾನ ಎಂಜಿನಿಯರಿಂಗ್ ಓದಿ, ಪಾಲಿಟೆಕ್ನಿಕ್‌ನಲ್ಲಿ ರಾಕೆಟ್ ಎಂಜಿನ್‌ಗಳ ಬಗ್ಗೆ ಪಾಠವನ್ನೂ ಹೇಳಿದವರು; 1960ರಲ್ಲಿ ಆರ್ತೆಮಿದೆ ಎಂಬ ದೀಪದ ಕಂಪನಿಯನ್ನು ಕಟ್ಟಿದವರಲ್ಲೊಬ್ಬರು. ವೀಕೊ ಮಾಜಿಸ್ತ್ರೆತ್ತಿ ಅವರ ಎಕ್ಲಿಸ್ಸೆ ದೀಪ ಇವರ ಕಂಪನಿಯದೇ. ಅದಕ್ಕೆ 1967ರಲ್ಲಿ ಕೊಂಪಾಸ್ಸೊ ದೋರೊ ಬಂದಿತ್ತು. ಇಪ್ಪತ್ತು ವರ್ಷ ಹಲವು ವಿನ್ಯಾಸಕರ ಚಿತ್ರಗಳನ್ನು ಮಾರಾಟದ ವಸ್ತುವನ್ನಾಗಿ ಮಾಡಿದ ಅನುಭವ ಅವರದು: ಯಾವ ಭಾಗಕ್ಕೆ ಅಚ್ಚು ಹೊಡೆಸಬೇಕು, ಯಾವುದನ್ನು ಸಣ್ಣ ಸಂಖ್ಯೆಯಲ್ಲಿ ಕೈಯಿಂದಲೇ ಮಾಡಿಸಬೇಕು, ಬೆಲೆ ಎಲ್ಲಿ ನಿಲ್ಲಬೇಕು, ದೂರದ ವ್ಯಾಪಾರಿಗೆ ಮಾಲು ಹೇಗೆ ಮುಟ್ಟಬೇಕು. ಇದೇ ಸೊತ್ಸಾಸ್ ಮೊದಲು ಕೆಲಸ ಮಾಡಿದ್ದ ಸ್ತೂದಿಯೊ ಅಲ್ಕಿಮಿಯಾ ಎಂಬ ವಿನ್ಯಾಸ ಗುಂಪಿನಲ್ಲಿ ಒಂದೊಂದೇ ಪ್ರಾಯೋಗಿಕ ವಸ್ತುವಿಗೆ ಹೆಚ್ಚಿನ ಒತ್ತಿತ್ತು. ಮೆಂಫಿಸ್ ಉತ್ಪಾದನೆಯ ಕಡೆಗೆ ಹೊರಳಲು ಜಿಸ್ಮೊಂದಿಯವರ ಸೇರ್ಪಡೆ ದಾರಿ ಮಾಡಿಕೊಟ್ಟಿತು. ಮೂರನೆಯವರು ಆರ್ಕ್ 74ರ ಮಾರಿಯೊ ಮತ್ತು ಬ್ರುನೆಲ್ಲಾ ಗೊದಾನಿ, ಮಳಿಗೆಯನ್ನೇ ಬಿಟ್ಟುಕೊಟ್ಟವರು. ಆಗ ಪೀಠೋಪಕರಣ ಮೇಳ ನಡೆಯುತ್ತಿದ್ದದ್ದು ಸೆಪ್ಟೆಂಬರ್‌ನಲ್ಲಿ. ಜಗತ್ತಿನ ವ್ಯಾಪಾರಿಗಳೂ ಪತ್ರಕರ್ತರೂ ಊರಿನಲ್ಲಿರುವ ದಿನಗಳಲ್ಲೇ ಮೇಳದ ಅಂಗಳದ ಹೊರಗೆ, ನಗರದ ನಡುವೆ ಬಾಗಿಲು ತೆರೆಯುವುದೆಂದರೆ ಏನೆಂದು ಇವರೆಲ್ಲರಿಗೂ ಚೆನ್ನಾಗಿ ಗೊತ್ತಿತ್ತು.

ಇದೇ ನಗರದ ಇನ್ನೊಬ್ಬರನ್ನು ಇಲ್ಲಿ ನೆನೆಯದೆ ಮುಂದೆ ಹೋಗಲಾರೆ. ಅವರು ಮೆಂಫಿಸ್ ಕಥೆಗೆ ನೇರವಾಗಿ ಸೇರಿದವರಲ್ಲ, ಆದರೆ ನನ್ನ ವಾದವನ್ನು ಅವರಷ್ಟು ಸ್ಪಷ್ಟವಾಗಿ ತೋರಿಸುವ ವ್ಯಕ್ತಿ ಮತ್ತೊಬ್ಬರಿಲ್ಲ. 1913ರಲ್ಲಿ ಹುಟ್ಟಿದ ಜೊವಾನ್ನಿ ಸಾಕ್ಕಿ ಎರಕದ ಅಚ್ಚುಗಳಿಗೆ ಮರದ ಪಡಿಯಚ್ಚು ಕೆತ್ತುವ ಕಸುಬಿನಿಂದ ಬಂದವರು. 1940ರ ದಶಕದ ಕೊನೆಯಲ್ಲಿ ವಿನ್ಯಾಸಕ ಮಾರ್ಚೆಲ್ಲೊ ನಿಜ್ಜೋಲಿ ಅವರಿಗೆ ಮರದ ಮಾದರಿಗಳನ್ನು ಮಾಡಿಕೊಡಲು ಶುರುಮಾಡಿದ ಅವರು ಮುಂದೆ ಜಾನೂಸೊ, ಕಸ್ತಿಲ್ಯೋನಿ ಸಹೋದರರು, ಸೊತ್ಸಾಸ್, ಮಾರಿಯೊ ಬೆಲ್ಲೀನಿ ಹೀಗೆ ಮಿಲಾನಿನ ಹೆಸರಾಂತ ವಿನ್ಯಾಸಕರಲ್ಲಿ ಬಹುತೇಕ ಎಲ್ಲರಿಗೂ ಕೆಲಸ ಮಾಡಿದರು. ಐದು ದಶಕಗಳಲ್ಲಿ ಅವರ ಕಮ್ಮಟದಿಂದ ಹೊರಬಂದ ಮಾದರಿಗಳು ಸುಮಾರು 25,000. ಹೊಲಿಗೆ ಯಂತ್ರ, ಟೈಪ್‌ರೈಟರ್, ದೂರವಾಣಿ, ಕಟ್ಟಡ, ಯಾವುದನ್ನೂ ಬಿಟ್ಟಿರಲಿಲ್ಲ.

ಒಂದೇ ಬೆಂಚಿನ ಮೇಲೆ ಒಂದರ ಬದಿಗೊಂದು ಪ್ರತಿಸ್ಪರ್ಧಿ ಸಂಸ್ಥೆಗಳ ಇನ್ನೂ ಹೊರಬರದ ವಸ್ತುಗಳಿದ್ದಾಗ, ಸಾಕ್ಕಿ ಒಬ್ಬರ ಗುಟ್ಟನ್ನು ಇನ್ನೊಬ್ಬರಿಗೆ ಹೇಳಿದ್ದರೆ ಆ ಕಮ್ಮಟ ಒಂದು ತಿಂಗಳೂ ಉಳಿಯುತ್ತಿರಲಿಲ್ಲ. ಅವರು ಹಂಚಿದ್ದು ವಿಧಾನವನ್ನು. ಯಾವ ವಕ್ರತೆ ಕಾಗದದ ಮೇಲೆ ಚೆಂದ ಕಂಡು ಕೈಯಲ್ಲಿ ಹಿಡಿದಾಗ ಒರಟಾಗುತ್ತದೆ, ಅಚ್ಚಿನಿಂದ ಬಿಡಿಸಿಕೊಳ್ಳಲು ಗೋಡೆಗೆ ಎಷ್ಟು ಇಳಿಜಾರು ಬೇಕು, ಎರಡು ಭಾಗಗಳ ಕೂಡುಗೆರೆ ಎಲ್ಲಿ ಬಂದರೆ ಕಣ್ಣಿಗೆ ಚುಚ್ಚುವುದಿಲ್ಲ ಎಂಬ ವಿವೇಕ ಒಬ್ಬರ ಕೆಲಸದಿಂದ ಅವರ ಕೈಗೆ ಹತ್ತಿ, ಅಲ್ಲಿಂದ ಇನ್ನೊಬ್ಬರ ಕೆಲಸಕ್ಕೆ ದಾಟಿತು. ಗುಟ್ಟನ್ನು ಕಾಯುತ್ತಲೇ ಕುಶಲತೆಯನ್ನು ಹಂಚುವ ಈ ನಡತೆಯೇ ಅವರ ಮೇಲೆ ಎಲ್ಲರಿಗೂ ನಂಬಿಕೆ ಬರಲು ಕಾರಣ. ತಾವು ಬಲ್ಲೆವಾದರೂ ಬಾಯಲ್ಲಿ ಹೇಳಲಾಗದ ಅರಿವಿನ ಬಗ್ಗೆ ತತ್ತ್ವಜ್ಞ ಮೈಕೆಲ್ ಪೊಲಾನಿ ವಿಸ್ತಾರವಾಗಿ ಚಿಂತಿಸಿದ್ದರು. ಅಂಥ ಅರಿವು ಹರಡಬೇಕಾದರೆ ಜನ ಒಂದೇ ಬೆಂಚಿನ ಬಳಿ ನಿಲ್ಲಬೇಕು, ಬೇರೆ ಉಪಾಯವಿಲ್ಲ.

ಒಳಬಂದವರು, ಹೊರಗಿನಿಂದ ಬಂದದ್ದು

ಸಂಸ್ಥೆಯಿಂದ ಸಂಸ್ಥೆಗೆ ಜನರೇ ಹೋಗುವುದು ಇನ್ನೊಂದು ಕಾಲುವೆ. ಈ ಪ್ರಕರಣದಲ್ಲಿ ಅದರ ಮೂಲ ಟೈಪ್‌ರೈಟರ್ ಮತ್ತು ಗಣಕಯಂತ್ರ ಮಾಡುತ್ತಿದ್ದ ಒಲಿವೆತ್ತಿ ಕಂಪನಿ. ಸೊತ್ಸಾಸ್ 1958ರಿಂದ ಆ ಕಂಪನಿಯ ವಿನ್ಯಾಸ ಸಲಹೆಗಾರರು. ಕಂಪನಿಯ ನೌಕರರಾಗದೆ, ಮಿಲಾನಿನಲ್ಲಿ ತಮ್ಮ ಸ್ವಂತ ಕೆಲಸವನ್ನೂ ಉಳಿಸಿಕೊಂಡವರು. 1959ರ ಎಲೆಯಾ 9003 ಗಣಕಯಂತ್ರ, 1969ರಲ್ಲಿ ಪೆರಿ ಕಿಂಗ್ ಅವರೊಂದಿಗೆ ರೂಪಿಸಿದ ಕೆಂಪು ವ್ಯಾಲೆಂಟೈನ್ ಟೈಪ್‌ರೈಟರ್ ಇದೇ ಏರ್ಪಾಟಿನ ಫಲ. ಲೀಡ್ಸ್‌ನ ಜಾರ್ಜ್ ಸೌಡನ್ (ಮುಂದೆ ಮೆಂಫಿಸ್ ಸೇರಿದವರು) 1970ರಲ್ಲಿ ಮಿಲಾನಿಗೆ ಬಂದದ್ದು ಒಲಿವೆತ್ತಿಯ ಈ ಕೆಲಸಕ್ಕಾಗಿ; ದೆ ಲುಕ್ಕಿ ಕೂಡ 1979ರ ಹೊತ್ತಿಗೆ ಅಲ್ಲಿನ ಸಲಹೆಗಾರರಾದರು. ಅರೆ ಹೊರಗೆ ಅರೆ ಒಳಗೆ ಇರುವ ಈ ಸ್ಥಾನದಿಂದ ಎರಡು ಲಾಭ. ದೊಡ್ಡ ಕಂಪನಿಯಲ್ಲಿ ಯಂತ್ರ, ಅಚ್ಚು, ಅಳತೆಯಲ್ಲಿ ನಡೆಯುವ ಹೆಚ್ಚುಕಡಿಮೆಯ ಮಿತಿ ಇತ್ಯಾದಿ ಶಿಸ್ತನ್ನು ಕಲಿತವರು ಸಂಜೆ ಅದನ್ನು ಸಣ್ಣ ಸಂಸ್ಥೆಯ ಪ್ರಯೋಗಕ್ಕೆ ತರುತ್ತಾರೆ; ಅಲ್ಲಿ ಕಂಡುಕೊಂಡ ಬಣ್ಣವನ್ನೋ ಚಿತ್ತಾರವನ್ನೋ ಮರುದಿನ ಕಂಪನಿಗೆ ಒಯ್ಯುತ್ತಾರೆ. ವಿನ್ಯಾಸಕರನ್ನು ಪೂರ್ಣಾವಧಿ ನೌಕರರನ್ನಾಗಿ ಕಟ್ಟಿಹಾಕದ ಒಪ್ಪಂದಗಳು ಒಂದು ನಗರದ ವಿನ್ಯಾಸ ಬದುಕಿಗೆ ಎಷ್ಟು ಉಪಕಾರ ಮಾಡುತ್ತವೆ ಎಂಬುದನ್ನು ಕಂಪನಿಗಳು ಇಂದಿಗೂ ಸರಿಯಾಗಿ ಗುರುತಿಸಿಲ್ಲವೆಂಬುದು ನನ್ನ ಅಭಿಪ್ರಾಯ.

ದೂರದ ಊರುಗಳಿಂದ ಬಂದದ್ದು ಬೇರೆ ದಾರಿಯಲ್ಲಿ. ಲಾಸ್ ಏಂಜಲೀಸ್‌ನ ಪೀಟರ್ ಶೈರ್ ಅವರ ಮಣ್ಣಿನ ಚಹಾ ಪಾತ್ರೆಗಳನ್ನು ಸೊತ್ಸಾಸ್ ಮೊದಲು ಕಂಡದ್ದು ಅಮೆರಿಕದ ಒಂದು ಪತ್ರಿಕೆಯ ಪುಟದಲ್ಲಿ. ಅಮೆರಿಕದ ಮೈಕೆಲ್ ಗ್ರೇವ್ಸ್, ವಿಯೆನ್ನಾದ ಹಾನ್ಸ್ ಹೊಲ್ಲೈನ್, ಟೋಕಿಯೊದ ಶಿರೊ ಕುರಾಮಾತಾ ಮೊದಲಾದವರೂ ಆಹ್ವಾನ ಪಡೆದು ಸೇರಿದರು. ಮಸನೋರಿ ಉಮೇದಾ ಅವರ ಬಾಕ್ಸಿಂಗ್ ಕಣದಂಥ ಮಂಚ ತವರಾಯಾ ಈ ಪ್ರದರ್ಶನದ ಮರೆಯಲಾಗದ ವಸ್ತುಗಳಲ್ಲೊಂದು. ಅದರಲ್ಲಿ ಕುಳಿತು ಗುಂಪಿನವರು ತೆಗೆಸಿಕೊಂಡ ಚಿತ್ರವೇ ಗುಂಪಿನ ಗುರುತಾಯಿತು. ಉಮೇದಾ ಜಪಾನಿನವರಾದರೂ ಹೊಸಬರಲ್ಲ: 1960ರ ದಶಕದ ಕೊನೆಗೆ ಅಕಿಲ್ಲೆ ಕಸ್ತಿಲ್ಯೋನಿ ಅವರ ಕಚೇರಿಯಲ್ಲಿದ್ದು, ನಂತರದ ದಶಕದಲ್ಲಿ ಒಲಿವೆತ್ತಿಗೆ ಸಲಹೆಗಾರರಾಗಿದ್ದರು. ಊರೊಳಗಿನ ಗಿಜಿಗುಟ್ಟುವ ಮಾತುಕತೆ ಒಂದು ಕಡೆ, ದೂರದೂರಿಗೆ ಉದ್ದೇಶಪೂರ್ವಕವಾಗಿ ಎಳೆದ ಕೊಳವೆಗಳು ಇನ್ನೊಂದು ಕಡೆ, ಎರಡೂ ಬೇಕೆಂದು ಭೂಗೋಳ ಮತ್ತು ಅರ್ಥಶಾಸ್ತ್ರದ ವಿದ್ವಾಂಸರು ವಿವರಿಸುತ್ತಾರೆ. ಈ ಪ್ರಕರಣ ಅದನ್ನು ಒಪ್ಪುತ್ತದೆ, ಒಂದು ತಿದ್ದುಪಡಿಯೊಂದಿಗೆ: ದೂರದಿಂದ ಬಂದದ್ದು ಬಹುತೇಕ ಕಲ್ಪನೆ, ಅದನ್ನು ವಸ್ತುವಾಗಿಸುವ ಹೊಣೆ ಹೆಚ್ಚಾಗಿ ಸ್ಥಳೀಯ ಕಮ್ಮಟಗಳ ಮೇಲೆ ಬಿತ್ತು.

ಪತ್ರಿಕೆಗಳ ಪಾತ್ರವನ್ನು ಚಿಕ್ಕದಾಗಿ ಹೇಳಿ ಮುಗಿಸಬಹುದು. ಅಲೆಸ್ಸಾಂದ್ರೊ ಮೆಂದೀನಿ ಕಾಸಾಬೆಲ್ಲಾ, ಮೋದೊ, ದೋಮುಸ್ ಪತ್ರಿಕೆಗಳನ್ನು ಒಂದರ ನಂತರ ಒಂದರಂತೆ ನಡೆಸಿದವರು, ಅಲ್ಕಿಮಿಯಾದ ಮುಂದಾಳುಗಳಲ್ಲೊಬ್ಬರೂ ಹೌದು. ಸಂಪಾದಕನೂ ಪ್ರತಿಸ್ಪರ್ಧಿಯೂ ಒಬ್ಬನೇ ಆದಾಗ ಬೇರೆ ಊರಿನಲ್ಲಿ ಜಗಳವಾಗುತ್ತಿತ್ತೇನೋ. ಇಲ್ಲಿ ಭಿನ್ನಾಭಿಪ್ರಾಯ ಅಚ್ಚಾಗಿ ಎಲ್ಲರ ಕೈಗೆ ಸಿಗುವ ವಾದವಾಯಿತು.

ಹರಡಿದ್ದು, ಹರಡದೆ ಉಳಿದದ್ದು

ಪ್ರದರ್ಶನದ ಚಿತ್ರಗಳು ಕೆಲವೇ ತಿಂಗಳಲ್ಲಿ ಜಗತ್ತನ್ನು ಸುತ್ತಿದವು. ಬಕ್ತೇರಿಯೊದಂಥ ಚಿತ್ತಾರಗಳು, ಓರೆ ಕಾಲುಗಳು, ಕಡು ಬಣ್ಣಗಳು ಅಂಗಡಿಗಳ ಒಳಾಂಗಣದಲ್ಲೂ ದೂರದರ್ಶನದ ಸೆಟ್ಟುಗಳಲ್ಲೂ ಬಟ್ಟೆಗಳಲ್ಲೂ ಕಾಣಿಸಿಕೊಂಡವು. ತಿಳಿವಳಿಕೆ ಹರಡಲು ನಗರ ಬೇಕಿಲ್ಲ, ಚಿತ್ರ ಸಾಕು ಎಂಬ ವಾದಕ್ಕೆ ಇದೇ ಆಧಾರವಾಗಬಹುದು. ಆ ವಾದವನ್ನು ನಾನು ಗೌರವದಿಂದಲೇ ತಳ್ಳಿಹಾಕುತ್ತೇನೆ. ಹರಡಿದ್ದು ಮೇಲ್ಮೈ ಮಾತ್ರ. ಕಾರ್ಲ್‌ಟನ್ ಕಪಾಟನ್ನು ಚಿತ್ರದಲ್ಲಿ ಕಂಡವನಿಗೆ ಅಗ್ಗವೆಂದು ಹೆಸರಾದ ಹಾಳೆಯ ಕೆಳಗೆ ನುರಿತ ಮರಗೆಲಸವಿದೆ ಎಂಬುದು ಕಾಣುವುದಿಲ್ಲ. ಅಗ್ಗದ ವಸ್ತುವನ್ನು ಬೆಲೆಬಾಳುವ ಕೆಲಸದೊಂದಿಗೆ ಬೇಕೆಂದೇ ಕೂಡಿಸಿ, ಯಾವುದು ಶ್ರೇಷ್ಠ ಯಾವುದು ಕನಿಷ್ಠ ಎಂಬ ನಮ್ಮ ಎಣಿಕೆಯನ್ನೇ ಪ್ರಶ್ನಿಸಿದ ಆಲೋಚನೆಯೂ ಕಾಣುವುದಿಲ್ಲ. ಅನುಕರಣೆಗಳಿಗೆ ಚಿತ್ತಾರ ದಕ್ಕಿತು, ಅಂಚಿನ ಗೆರೆ ದಕ್ಕಲಿಲ್ಲ.

ಕಾಲುವೆಯ ದಡ ಎಲ್ಲರಿಗೂ ತೆರೆದಿರಲಿಲ್ಲ ಎಂಬುದನ್ನೂ ಮುಚ್ಚಿಡಬಾರದು. ಸೊತ್ಸಾಸ್ ಅವರ ಪರಿಚಯದ ವಲಯಕ್ಕೆ ಬಂದ ಕಿರಿಯರಿಗೆ ಒಂಬತ್ತು ತಿಂಗಳಲ್ಲಿ ಸಿಕ್ಕಿದ್ದು, ಅದೇ ನಗರದಲ್ಲಿದ್ದರೂ ಆ ಮನೆಯ ಬಾಗಿಲು ಗೊತ್ತಿಲ್ಲದವರಿಗೆ ಒಂಬತ್ತು ವರ್ಷದಲ್ಲೂ ಸಿಗದೆ ಹೋಗಿರಬಹುದು. ನಂಬಿಕೆ ಎಂಬುದು ಕಲಿಕೆಗೆ ದಾರಿ ಮಾಡಿಕೊಡುವಂತೆಯೇ ಬೇಲಿಯನ್ನೂ ಹಾಕುತ್ತದೆ. ಇನ್ನೊಂದು ಅಸಮತೆ ನನ್ನನ್ನು ಹೆಚ್ಚು ಕಾಡುತ್ತದೆ: ವಿನ್ಯಾಸಕರ ಹೆಸರು ವಸ್ತುಸಂಗ್ರಹಾಲಯದ ಫಲಕದ ಮೇಲಿದೆ, ಕಮ್ಮಟದ ಒಡೆಯನ ಹೆಸರು ಅಲ್ಲಲ್ಲಿ ಉಳಿದಿದೆ, ಆದರೆ ಹಾಳೆಯ ಅಂಚನ್ನು ಕತ್ತರಿಸಿ ಕೂಡಿಸಿದ ಕೆಲಸಗಾರರ ಹೆಸರು ಆ ಫಲಕಗಳಲ್ಲಿ ಇಲ್ಲ. ತಿಳಿವಳಿಕೆಯ ಹರಿವನ್ನು ಲೆಕ್ಕ ಹಾಕುವವರು ಪೇಟೆಂಟು, ಪ್ರಕಟಣೆ, ಪ್ರಶಸ್ತಿಗಳನ್ನು ಎಣಿಸುತ್ತಾರೆ. ಹೆಚ್ಚಿನ ಹರಿವು ನಡೆದ ಜಾಗವೇ ಆ ಎಣಿಕೆಗೆ ಸಿಗದೆ ಹೋಗುತ್ತದೆ.

ಬಿಚ್ಚಿಕೊಂಡ ಮೇಲೆ

ಸೊತ್ಸಾಸ್ 1985ರಲ್ಲಿ ಮೆಂಫಿಸ್ ಬಿಟ್ಟರು. ದಶಕ ಮುಗಿಯುವ ಮೊದಲೇ ಗುಂಪು ಚದುರಿತು. ಒಂದು ಗುಂಪು ಚದುರಿದಾಗ ಅದರಲ್ಲಿದ್ದ ತಿಳಿವಳಿಕೆ ಎಲ್ಲಿ ಹೋಗುತ್ತದೆ ಎಂಬ ಪ್ರಶ್ನೆಗೆ ಮುಂದಿನ ವರ್ಷಗಳು ಉತ್ತರ ಕೊಡುತ್ತವೆ. ಒಂದು ಭಾಗ ತರಗತಿಗೆ ಹೋಯಿತು. ಗುಂಪು ಚದುರುವ ಮೊದಲೇ, 1982ರಲ್ಲಿ ಮಿಲಾನಿನಲ್ಲಿ ಆರಂಭವಾಗಿದ್ದ ದೋಮುಸ್ ಅಕಾಡೆಮಿಯನ್ನು ಕಟ್ಟಿದವರಲ್ಲಿ ಮೆಂಫಿಸ್ಸಿಗೂ ಅಲ್ಕಿಮಿಯಾಗೂ ಕೆಲಸ ಮಾಡಿದ್ದ ಅಂದ್ರೆಯಾ ಬ್ರಾಂಜಿ ಇದ್ದರು. ಬೆಂಚಿನ ಬಳಿ ಹುಟ್ಟಿದ ಮಾತನ್ನು ಹೊರದೇಶಗಳಿಂದ ಬಂದ ವಿದ್ಯಾರ್ಥಿಗಳ ಮುಂದೆ ಇಡುವ ಕೆಲಸ ಅಲ್ಲಿ ನಡೆಯಿತು. ಇನ್ನೊಂದು ಭಾಗ ಹೊಸ ಸಂಸ್ಥೆಗಳಿಗೆ ಹೋಯಿತು. ಥೂನ್, ಚಿಬಿಕ್, ದೆ ಲುಕ್ಕಿ, ಸೌಡನ್ ತಮ್ಮ ತಮ್ಮ ಸ್ವಂತ ಕಚೇರಿಗಳನ್ನು ನಡೆಸಿದರು, ಒಂದು ಕಾಲಕ್ಕೆ ಒಂದೇ ಮೇಜಿನ ಸುತ್ತ ಕುಳಿತಿದ್ದವರು ಅದೇ ಊರಿನಲ್ಲಿ ಬೇರೆ ಬೇರೆ ಬಾಗಿಲುಗಳಲ್ಲಿ ಸಿಗುವವರಾದರು.

ಎಲ್ಲಕ್ಕಿಂತ ಹೆಚ್ಚು ಹೇಳುವುದು ಒಂದು ದೀಪ. 1987ರಲ್ಲಿ ಆರ್ತೆಮಿದೆ ಹೊರತಂದ ತೊಲೊಮೇಯೊ ಮೇಜುದೀಪವನ್ನು ದೆ ಲುಕ್ಕಿ ಆ ಕಂಪನಿಯ ಜಿಯಾಂಕಾರ್ಲೊ ಫಸ್ಸೀನಾ ಅವರೊಂದಿಗೆ ಸೇರಿ ರೂಪಿಸಿದರು; 1989ರಲ್ಲಿ ಅದಕ್ಕೆ ಕೊಂಪಾಸ್ಸೊ ದೋರೊ ಬಂತು. ನೋಡಲು ಅದರಲ್ಲಿ ಮೆಂಫಿಸ್ಸಿನ ಒಂದು ಕುರುಹೂ ಇಲ್ಲ. ಬಣ್ಣವಿಲ್ಲ, ಚಿತ್ತಾರವಿಲ್ಲ, ಅಲ್ಯುಮಿನಿಯಂ ತೋಳು, ಒಳಗೆ ಅಡಗಿದ ಸ್ಪ್ರಿಂಗು, ಅದನ್ನು ಎಳೆದು ಹಿಡಿಯುವ ಸಣ್ಣ ಉಕ್ಕಿನ ತಂತಿ. ರೂಪಗಳ ವಂಶಾವಳಿ ಬರೆಯುವವರು ಇವೆರಡನ್ನೂ ಒಂದೇ ಪುಟದಲ್ಲಿ ಇಡಲಾರರು. ಆದರೆ ದೆ ಲುಕ್ಕಿ ಮತ್ತು ಜಿಸ್ಮೊಂದಿ ಒಬ್ಬರ ಕೆಲಸವನ್ನು ಇನ್ನೊಬ್ಬರು ಹತ್ತಿರದಿಂದ ಕಂಡು ಪರಸ್ಪರ ಅಳೆದುಕೊಂಡದ್ದು ಮೆಂಫಿಸ್ಸಿನ ದಿನಗಳಲ್ಲೇ. ಎಂಜಿನಿಯರನೊಂದಿಗೆ ಹೇಗೆ ಮಾತಾಡಬೇಕು, ಎಲ್ಲಿ ಹಟ ಹಿಡಿಯಬೇಕು, ಎಲ್ಲಿ ಬಿಟ್ಟುಕೊಡಬೇಕು ಎಂಬುದು ಶೈಲಿಯ ಸೋಲು ಗೆಲುವಿನೊಂದಿಗೆ ಅಳಿಯದೆ ಉಳಿಯುವ ಕಲಿಕೆ.

ಸಾಕ್ಕಿ ಅವರ ಕಮ್ಮಟ 1997ರವರೆಗೆ ನಡೆಯಿತು. ಅಷ್ಟರಲ್ಲಿ ಆಕಾರಗಳನ್ನು ಗಣಕದ ತೆರೆಯ ಮೇಲೆ ತಿರುಗಿಸಿ ನೋಡುವುದು, ಯಂತ್ರದಿಂದಲೇ ಮಾದರಿ ಕೊರೆಸುವುದು ರೂಢಿಗೆ ಬರತೊಡಗಿತ್ತು. ಮುಂದಿನ ವರ್ಷ ಜೀವಮಾನದ ಕೆಲಸಕ್ಕಾಗಿ ಅವರಿಗೆ ಕೊಂಪಾಸ್ಸೊ ದೋರೊ ಸಂದಿತು. ವಿನ್ಯಾಸಕರಿಗಾಗಿ ಹುಟ್ಟಿದ ಪ್ರಶಸ್ತಿ ವಿನ್ಯಾಸಕನಲ್ಲದ ಒಬ್ಬ ಮರಗೆಲಸಗಾರನ ಕೈ ಸೇರಿತು. ಅವರ ಉಪಕರಣಗಳನ್ನೂ ಮಾದರಿಗಳನ್ನೂ ಆಮೇಲೆ ಅವರ ಹುಟ್ಟೂರಾದ ಸೆಸ್ತೊ ಸಾನ್ ಜೊವಾನ್ನಿಯಲ್ಲಿ ಜೋಡಿಸಿಡಲಾಯಿತು. ತೆರೆಯ ಮೇಲಿನ ಕಡತವನ್ನು ಯಾವ ಊರಿಗಾದರೂ ಕ್ಷಣದಲ್ಲಿ ಕಳುಹಿಸಬಹುದು, ಕಳುಹಿಸುತ್ತಲೂ ಇದ್ದಾರೆ. ಆದರೆ ಕಡತವನ್ನು ಪಡೆದ ಯಂತ್ರ ಅದರಲ್ಲಿರುವುದನ್ನು ಹಾಗೆಯೇ ಕೊರೆದುಕೊಡುತ್ತದೆ. ಕಳೆದ ವಾರ ಇನ್ನೊಬ್ಬರು ಇಂಥದ್ದೇ ವಕ್ರತೆಯನ್ನು ತಂದು ಎಡವಿದ್ದರು, ಇದನ್ನು ಇನ್ನೆರಡು ಮಿಲಿಮೀಟರ್ ಇಳಿಸಿ ನೋಡಿ ಎಂದು ಹೇಳುವುದಿಲ್ಲ.